ರಾಜನ ಮೈ ಹುಡುಗನದು, ಮುಖ ಮಾತ್ರ ದಣಿದವನದು: ಮೂರನೇ ಸೆನುಸ್ರೆಟ್‌ನ ಪ್ರತಿಮೆಗಳು ಯಾಕೆ ಹೀಗಿವೆ?

ಮಳೆಬಿಲ್ಲು_ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸ ಓದಿದವಳಲ್ಲ. ಲಂಡನ್‌ಗೆ ಬಂದು 6 ವರ್ಷ ಆಯ್ತು, ಮಗಳಿಗೆ ಈಗ 9. ಕಳೆದ ಭಾನುವಾರ ಮಳೆ ಹಿಡಿದುಕೊಂಡಿತ್ತು, ಎಲ್ಲೂ ಹೋಗೋ ಹಾಗಿಲ್ಲ ಅಂತ ಬ್ರಿಟಿಷ್ ಮ್ಯೂಸಿಯಂಗೆ ಹೋದೆವು. ಈಜಿಪ್ಟಿನ ಮಮ್ಮಿ ನೋಡಬೇಕು ಅಂತ ಅವಳ ಹಟ. ಅಲ್ಲಿಗೆ ಹೋಗುವ ಮೊದಲು ಕೆಳಗಿನ ದೊಡ್ಡ ಹಾಲ್ ದಾಟುವಾಗ ಮೂರು ಕಪ್ಪು ಪ್ರತಿಮೆಗಳ ಮುಂದೆ ಅವಳು ನಿಂತುಬಿಟ್ಟಳು. ಮೂರೂ ಒಬ್ಬನೇ ರಾಜ. ಮೊಣಕಾಲಿನ ಕೆಳಗೆ ಮುರಿದು ಹೋಗಿವೆ. ಅವಳು ಸ್ವಲ್ಪ ಹೊತ್ತು ನೋಡಿ, "ಅಮ್ಮಾ, ಈ ಅಜ್ಜನಿಗೆ ಯಾಕೆ ಬೇಜಾರು?" ಅಂದಳು.

ನಾನು ಆಗಲೇ ಸರಿಯಾಗಿ ನೋಡಿದ್ದು. ಹೆಸರು ಮೂರನೇ ಸೆನುಸ್ರೆಟ್, ಈಜಿಪ್ಟಿನ ರಾಜ, ಕ್ರಿ.ಪೂ. 1870ರ ಸುಮಾರಿನವನು ಅಂತ ಫಲಕದಲ್ಲಿತ್ತು. ರೆಪ್ಪೆಗಳು ಭಾರವಾಗಿ ಅರ್ಧ ಇಳಿದಿವೆ. ಕಣ್ಣಿನ ಕೆಳಗೆ ಚೀಲ ಕಟ್ಟಿದೆ, ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಇರುತ್ತಲ್ಲ ಹಾಗೆ. ಮೂಗಿನ ಪಕ್ಕದಿಂದ ಬಾಯಿವರೆಗೆ ಆಳವಾದ ಗೆರೆ, ತುಟಿಯ ತುದಿಗಳು ಕೆಳಕ್ಕೆ. ಕಿವಿಗಳು ಎರಡೂ ದೊಡ್ಡವು, ಮುಂದಕ್ಕೆ ಚಾಚಿಕೊಂಡಿವೆ. ಆದರೆ ಕತ್ತಿನಿಂದ ಕೆಳಗೆ ನೋಡಿದರೆ ಗಟ್ಟಿ ಎದೆ, ಸಣ್ಣ ಸೊಂಟ, ಇಪ್ಪತ್ತರ ಹುಡುಗನ ಮೈ. ಅದೇ ಹಾಲ್‌ನಲ್ಲಿ ಎರಡನೇ ರಾಮೆಸಿಸ್‌ನ ದೊಡ್ಡ ತಲೆ ಇದೆ, ಅವನೂ ಈಜಿಪ್ಟಿನ ರಾಜನೇ, ಆದರೆ ಅವನು ಮಾತ್ರ ನೆಮ್ಮದಿಯಾಗಿ ಸಣ್ಣಗೆ ನಗುತ್ತಿದ್ದಾನೆ.

ನನ್ನ ಪ್ರಶ್ನೆ ಇಷ್ಟೇ. ಇದು ಅವನ ನಿಜವಾದ ಮುಖಾನಾ? ನಿಜ ಅಂದರೆ ಮೈ ಯಾಕೆ ಬೇರೆ? ನಿಜ ಅಲ್ಲ ಅಂದರೆ, ಯಾವ ರಾಜ ತಾನೇ ತನ್ನನ್ನು ಇಷ್ಟು ದಣಿದವನ ಹಾಗೆ ಕೆತ್ತಿಸಿಕೊಳ್ತಾನೆ? ಮಗಳಿಗೆ ಏನೋ ಒಂದು ಹೇಳಿ ಸುಮ್ಮನಾಗಿಸಲು ನನಗೆ ಮನಸ್ಸಿಲ್ಲ, ಸರಿಯಾದದ್ದು ಹೇಳಬೇಕು. ತಿಳಿದವರು ದಯವಿಟ್ಟು ಹೇಳಿ.

ಹಳೇಪಾಯ:

ಮೇಡಂ, ನನಗೆ ಗೊತ್ತಿರುವ ಮಟ್ಟಿಗೆ ಉತ್ತರ ಸರಳ. ಅವನು ಬಹಳ ವರ್ಷ ಆಳಿದ. ದಕ್ಷಿಣದ ನೂಬಿಯಾ ಮೇಲೆ ಒಂದಲ್ಲ, ಹಲವು ಸಲ ದಂಡೆತ್ತಿ ಹೋದ, ಸಾಲಾಗಿ ಕೋಟೆಗಳನ್ನು ಕಟ್ಟಿಸಿದ. ಅಷ್ಟು ಹೊಣೆ ಹೊತ್ತವನ ಮುಖ ಬೇರೆ ಹೇಗಿರಲು ಸಾಧ್ಯ? ಶಿಲ್ಪಿಗಳು ಇದ್ದದ್ದನ್ನು ಇದ್ದ ಹಾಗೆ ಕೆತ್ತಿದರು ಅಂತ ನನ್ನ ಅನಿಸಿಕೆ. ಅವನ ವಂಶದ ಮೊದಲ ರಾಜ ಅಮೆನೆಮ್‌ಹಾತ್ ಕೊಲೆಯಾದ ಮೇಲೆ ಅವನ ಬಾಯಲ್ಲಿ ಹೇಳಿಸಿದ ಒಂದು ಬುದ್ಧಿಮಾತಿನ ಬರಹ ಇದೆ. ಅಣ್ಣತಮ್ಮಂದಿರನ್ನೂ ನಂಬಬೇಡ, ಗೆಳೆಯ ಅಂತ ಯಾರನ್ನೂ ಹತ್ತಿರ ಸೇರಿಸಬೇಡ, ಮಲಗಿದಾಗ ನಿನ್ನನ್ನು ನೀನೇ ಕಾಯ್ಕೋ ಅಂತ ಮಗನಿಗೆ ಹೇಳುವ ಬರಹ. ಅದನ್ನು ಓದಿದ ಮೇಲೆ ಈ ಮುಖ ನೋಡಿದರೆ ನನಗೆ ನಿದ್ದೆಗೆಟ್ಟ ಒಂಟಿ ಮನುಷ್ಯನೇ ಕಾಣುತ್ತಾನೆ.

ನೈಲ್_ದಂಡೆ:

ಹಳೇಪಾಯ ಅವರೇ, ಆ ಬರಹ ನನಗೂ ಇಷ್ಟ. ನೀವು ಹೇಳಿದ ಹಾಗೆ ಬಹಳ ಕಾಲ ವಿದ್ವಾಂಸರೂ ಹಾಗೇ ಬರೆದರು, ಚಿಂತೆಯಿಂದ ಕುಗ್ಗಿದ ರಾಜ, ಒಂಟಿ ರಾಜ ಅಂತೆಲ್ಲ. ಆದರೆ ಪ್ರತಿಮೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಈ ರಾಜನ ಬಗ್ಗೆ ಓದುತ್ತಾ ನನಗೆ ಹತ್ತು ವರ್ಷದ ಮೇಲಾಯ್ತು.

ಮೊದಲನೆಯದು. ಈಜಿಪ್ಟಿನ ಕಾರ್ನಾಕ್‌ನಿಂದ ಸ್ವಲ್ಪ ದೂರದಲ್ಲಿ ಮೆದಾಮುದ್ ಅನ್ನುವ ಊರಲ್ಲಿ ಮೊಂತು ದೇವರ ಗುಡಿ ಇತ್ತು. ಅಲ್ಲಿ ಇದೇ ರಾಜನ ಹಲವು ಪ್ರತಿಮೆಗಳು ಸಿಕ್ಕಿವೆ, ಪ್ಯಾರಿಸ್‌ನ ಲೂವ್ರ್‌ನಲ್ಲೂ ಕೈರೋದಲ್ಲೂ ಕೆಲವು ಇವೆ. ಒಂದೇ ಗುಡಿಯವು, ಆದರೆ ಕೆಲವದರಲ್ಲಿ ಮುಖ ತುಂಬಿಕೊಂಡು ಎಳೆಯದಾಗಿದೆ, ಕೆಲವದರಲ್ಲಿ ಕೆನ್ನೆ ಬತ್ತಿ ಗೆರೆ ಬಿದ್ದಿದೆ. ಮೊದಲು ಇವನ್ನು ಚಿಕ್ಕವನಿದ್ದಾಗಿನದು, ವಯಸ್ಸಾದ ಮೇಲಿನದು ಅಂತ ಸಾಲಾಗಿ ಜೋಡಿಸಿ ನೋಡಿದರು. ಈಗ ಹೆಚ್ಚಿನವರು ಹಾಗೆ ನೋಡುವುದಿಲ್ಲ. ಎರಡೂ ಒಟ್ಟಿಗೇ ನಿಲ್ಲಲಿ ಅಂತಲೇ ಮಾಡಿಸಿದ್ದು, ಹೊಸದಾಗಿ ಹುಟ್ಟಿದವನೂ ಅವನೇ, ಮಾಗಿದವನೂ ಅವನೇ ಅನ್ನುವ ಅರ್ಥದಲ್ಲಿ. ನಿಮ್ಮ "ಹುಡುಗನ ಮೈ, ಅಜ್ಜನ ಮುಖ" ಕೂಡ ಅದೇ ಮಾತು, ಒಂದೇ ಕಲ್ಲಿನಲ್ಲಿ ಹೇಳಿದ್ದು. ಮೈಗೆ ಎಂದೂ ಮುಪ್ಪಿಲ್ಲ. ಮುಖ ಮಾತ್ರ ಎಲ್ಲ ಕಂಡಿದೆ.

ಎರಡನೆಯದು ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಅದೇ ಕಾಲದ ಅಧಿಕಾರಿಗಳ ಪ್ರತಿಮೆ ನೋಡಿ. ಅವರಿಗೂ ಅದೇ ಇಳಿದ ರೆಪ್ಪೆ, ಅದೇ ಬಾಯಿ ಪಕ್ಕದ ಗೆರೆ, ಅದೇ ದೊಡ್ಡ ಕಿವಿ! ಊರಿನ ಅಧಿಕಾರಿಗಳೆಲ್ಲ ರಾಜನ ಹಾಗೇ ಹುಟ್ಟಿರಲು ಸಾಧ್ಯವಿಲ್ಲ ಅಲ್ವಾ? ರಾಜನ ಮುಖವೇ ಆಗಿನ ಗೌರವದ ಮುಖ ಆಯ್ತು, ಎಲ್ಲರೂ ಅದನ್ನು ತೊಟ್ಟುಕೊಂಡರು. ದಣಿವು, ಸೋಲು ಅನ್ನುವ ಅರ್ಥ ಅದಕ್ಕೆ ಇದ್ದಿದ್ದರೆ ಯಾರೂ ತಮ್ಮ ಸಮಾಧಿಯಲ್ಲಿ ಅಂಥ ಮುಖ ಇಟ್ಟುಕೊಳ್ಳುತ್ತಿರಲಿಲ್ಲ.

ಹಾಗಾದರೆ ಅದು ಏನು? ನನ್ನ ಪ್ರಕಾರ ಅದು ಬೇಜಾರು ಅಲ್ಲ, ಎಚ್ಚರ. ಇವನ ಮಗ ಮೂರನೇ ಅಮೆನೆಮ್‌ಹಾತ್‌ನ ಕಾಲದ ಒಂದು ಕಲ್ಲಿನ ಮೇಲೆ ರಾಜನನ್ನು ಹೊಗಳಿದ ಮಾತಿದೆ. ಅವನ ಕಣ್ಣು ಪ್ರತಿಯೊಬ್ಬರ ಒಳಗನ್ನೂ ಹುಡುಕಿ ನೋಡುತ್ತದೆ ಅನ್ನುವ ಅರ್ಥದ್ದು. ಆ ಮಾತು ತಲೆಯಲ್ಲಿಟ್ಟುಕೊಂಡು ಇನ್ನೊಮ್ಮೆ ಆ ಮೂರು ಪ್ರತಿಮೆಗಳ ಮುಂದೆ ನಿಲ್ಲಿ. ಕಣ್ಣು ಮುಚ್ಚಿಹೋಗುತ್ತಿಲ್ಲ, ಕಿರಿದಾಗಿ ನಿಮ್ಮನ್ನು ಅಳೆಯುತ್ತಿದೆ. ಕಿವಿಯ ಬಗ್ಗೆ ಕೇಳಿದಿರಿ. ಆ ವಂಶದ ಬೇರೆ ರಾಜರಿಗೂ ದೊಡ್ಡ ಕಿವಿಯೇ. ತಲೆವಸ್ತ್ರ ಹಿಂದಿನಿಂದ ಒತ್ತುವುದರಿಂದ ಕಿವಿ ಮುಂದೆ ಬಂದಂತೆ ತೋರಿಸುವುದು ಅವರ ರೂಢಿ. ಆದರೆ ಇವನದು ಅದಕ್ಕಿಂತ ಜಾಸ್ತಿ. ಎಲ್ಲ ಕೇಳಿಸಿಕೊಳ್ಳುವ ರಾಜ ಅಂತ ಓದುವವರು ಬಹಳ ಜನ, ನಾನೂ ಅವರಲ್ಲಿ ಒಬ್ಬ.

ಇನ್ನೊಂದು, ಪ್ರತಿಮೆಯಿಂದ ಅವನು ಏನು ಬಯಸುತ್ತಿದ್ದ ಅನ್ನುವುದಕ್ಕೆ ಅವನದೇ ಮಾತು ಉಳಿದಿದೆ. ನೂಬಿಯಾದ ಸೆಮ್ನಾ ಗಡಿಯಲ್ಲಿ ತನ್ನ 16ನೇ ಆಳ್ವಿಕೆಯ ವರ್ಷದಲ್ಲಿ ಒಂದು ಕಲ್ಲು ನಿಲ್ಲಿಸಿದ, ಈಗ ಬರ್ಲಿನ್‌ನಲ್ಲಿದೆ. ಈ ಗಡಿಯನ್ನು ಉಳಿಸಿಕೊಂಡವನೇ ನನ್ನ ಮಗ, ಬಿಟ್ಟುಕೊಟ್ಟವನು ನನಗೆ ಹುಟ್ಟಿದವನೇ ಅಲ್ಲ ಅಂತ ಅದರಲ್ಲಿ ಹೇಳುತ್ತಾನೆ. ಆಮೇಲೆ, ನೀವು ಇಲ್ಲಿ ಗಟ್ಟಿಯಾಗಿ ನಿಲ್ಲಲಿ, ಇದಕ್ಕಾಗಿ ಹೋರಾಡಲಿ ಅಂತ ನನ್ನ ಪ್ರತಿಮೆಯನ್ನು ಈ ಗಡಿಯಲ್ಲಿ ಮಾಡಿಸಿದ್ದೇನೆ ಅನ್ನುತ್ತಾನೆ. ಕೋಟೆಯಲ್ಲಿ ಕಾವಲಿದ್ದ ಸಿಪಾಯಿಗೆ ರಾಜ ಎಷ್ಟೋ ದಿನದ ದಾರಿಯಾಚೆ. ಆದರೆ ಆ ಮುಖ ದಿನಾ ಅವನ ಎದುರಿಗೆ. ಅಂಥ ಜಾಗಕ್ಕೆ ನಗುವ ಮುಖ ಹೊಂದುತ್ತದಾ?

ಉಳಿಸದ್ದು:

ನಾನು ಪುಸ್ತಕ ಓದಿದವನಲ್ಲ, ನಮ್ಮದು ತಲೆಮಾರಿನಿಂದ ಕಲ್ಲಿನ ಕೆಲಸ. ಶಿವಾರಪಟ್ಟಣದ ಕಡೆಯವರು. ದೇವರ ಮೂರ್ತಿಗಳನ್ನೇ ಜಾಸ್ತಿ ಮಾಡುತ್ತೇವೆ. ಹಾಗಾಗಿ ನನ್ನ ಮಾತು ಬರೀ ಕೈಕೆಲಸದ ಬಗ್ಗೆ.

ಈ ಮೂರು ಪ್ರತಿಮೆಗಳ ಕಲ್ಲು ಗ್ರಾನೋಡಯೊರೈಟ್. ನಮ್ಮ ಗ್ರಾನೈಟ್‌ನ ಜಾತಿಯದೇ, ಕಪ್ಪು. ಬೇಲೂರು, ಹಳೇಬೀಡಿನ ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿರುತ್ತದೆ, ಅದಕ್ಕೇ ಅಷ್ಟು ಸಣ್ಣ ಸಣ್ಣ ಮಣಿ, ಬಳ್ಳಿ ಬಿಡಿಸಲು ಆಗುತ್ತದೆ. ಇದು ಹಾಗಲ್ಲ. ಈಗ ನಮ್ಮ ಹತ್ತಿರ ಕಾರ್ಬೈಡ್ ತುದಿಯ ಚಾಣ ಇದೆ, ಗ್ರೈಂಡರ್ ಇದೆ, ಆದರೂ ಗ್ರಾನೈಟ್‌ನಲ್ಲಿ ಕಣ್ಣು ಕೆತ್ತುವ ದಿನ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ಅವರ ಕಾಲದಲ್ಲಿ ಕಬ್ಬಿಣದ ಉಪಕರಣವೇ ಇಲ್ಲ. ತಾಮ್ರದ ಉಳಿ ಈ ಕಲ್ಲಿಗೆ ತಾಗಿದರೆ ಮಡಚಿಕೊಳ್ಳುತ್ತದೆ. ಹಾಗಾಗಿ ಡಾಲರೈಟ್ ಅನ್ನುವ ಇನ್ನೂ ಗಟ್ಟಿ ಕಲ್ಲಿನ ಗುಂಡು ಹಿಡಿದು ಕುಟ್ಟಿ ಕುಟ್ಟಿ ಪುಡಿ ಉದುರಿಸುವುದು, ಆಮೇಲೆ ಮರಳು ಹಾಕಿ ಉಜ್ಜುವುದು. ಆಸ್ವಾನ್‌ನ ಗಣಿಯಲ್ಲಿ ಅರ್ಧಕ್ಕೆ ಬಿಟ್ಟ ಸುಮಾರು 42 ಮೀಟರ್ ಉದ್ದದ ಸ್ತಂಭ ಇನ್ನೂ ಮಲಗಿದೆ, ಅಲ್ಲಿ ಆ ಗುಂಡುಗಳೂ ಸಿಕ್ಕಿವೆ. ರೆಖ್‌ಮಿರೆ ಅನ್ನುವ ಮಂತ್ರಿಯ ಸಮಾಧಿಯ ಗೋಡೆಯಲ್ಲಿ ಚಿತ್ರವೇ ಇದೆ. ದೊಡ್ಡ ಪ್ರತಿಮೆಯ ಸುತ್ತ ಸಾರುವೆ ಕಟ್ಟಿ, ಅದರ ಮೇಲೆ ಕೂತು ಕೆಲವರು ಉಜ್ಜುತ್ತಿದ್ದಾರೆ. ಅದನ್ನು ಮೊದಲ ಸಲ ಫೋಟೋದಲ್ಲಿ ನೋಡಿದಾಗ ನನಗೆ ನಮ್ಮ ಅಂಗಳವೇ ನೆನಪಾಯ್ತು.

ಈಗ ವಿಷಯಕ್ಕೆ ಬರುತ್ತೇನೆ. ನಯವಾದ ಕೆನ್ನೆ ಮಾಡುವುದು ಸುಲಭ, ಸುಮ್ನೆ ಒಂದೇ ಸಮ ಉಜ್ಜುತ್ತಾ ಹೋದರೆ ಆಯ್ತು. ಕಣ್ಣಿನ ಕೆಳಗೆ ಚೀಲ ಬರಬೇಕು ಅಂದರೆ ಹಾಗಲ್ಲ. ಅದಕ್ಕೆ ಎಷ್ಟು ಬೇಕೋ ಅಷ್ಟು ಕಲ್ಲನ್ನು ಮೊದಲೇ ಉಳಿಸಿಕೊಳ್ಳಬೇಕು, ಸುತ್ತ ತಗ್ಗಿಸಬೇಕು. ಬಾಯಿ ಪಕ್ಕದ ಗೆರೆ ಅಂಚಿನಲ್ಲಿ ಚೂಪಾಗಿ ನಿಲ್ಲಬಾರದು, ಕೆನ್ನೆಯೊಳಗೆ ಕರಗಬೇಕು. ಒಂದು ಕಡೆ ಜಾಸ್ತಿ ಹೋದರೆ ಮುಗಿಯಿತು, ಕಲ್ಲು ವಾಪಸ್ ಬರಲ್ಲ. ಅಷ್ಟು ಕಷ್ಟಪಟ್ಟು ಮಾಡಿದ್ದು ಅಂದ ಮೇಲೆ ಅದು ಯಾರೋ ಬೇಕು ಅಂತ ಹೇಳಿ ಮಾಡಿಸಿದ್ದೇ. ಒಂದು ಗೆರೆಯೂ ಅಪ್ಪಣೆ ಇಲ್ಲದೆ ಬಂದದ್ದಲ್ಲ ಅನ್ನುವುದು ನನ್ನ ನಂಬಿಕೆ.

ಮೈ ಯಾಕೆ ಬೇರೆ ಅಂದಿರಲ್ಲ, ಅದಕ್ಕೂ ಕೈಕೆಲಸದ ಕಾರಣ ಒಂದಿದೆ. ಅವರಿಗೆ ಲೆಕ್ಕ ಇತ್ತು. ನಿಂತ ಮನುಷ್ಯನನ್ನು ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಚೌಕ ಮಾಡುತ್ತಿದ್ದರು. ಕಲ್ಲಿನ ಎಲ್ಲ ಬದಿಗಳ ಮೇಲೂ ಬಣ್ಣದಲ್ಲಿ ಚೌಕ ಎಳೆದು, ಗೆರೆ ಅಳಿದಾಗೆಲ್ಲ ಮತ್ತೆ ಎಳೆಯುತ್ತಿದ್ದರು. ನಮ್ಮಲ್ಲಿ ತಾಳದ ಲೆಕ್ಕ ಇದೆಯಲ್ಲ, ಆ ಥರ. ಮೈ ಲೆಕ್ಕದಿಂದ ಬರುತ್ತದೆ. ರಾಜ ದಪ್ಪಗಿರಲಿ ಸಣ್ಣಗಿರಲಿ ಮೈ ಒಂದೇ. ಮುಖದಲ್ಲಿ ಮಾತ್ರ ಹಿರಿಯ ಶಿಲ್ಪಿಗೆ ಸ್ವಲ್ಪ ಜಾಗ ಸಿಗುತ್ತದೆ.

ಇದೇ ರಾಜನ ಇನ್ನೊಂದು ಕೆಲಸ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಸಿಂಹದ ಮೈ, ರಾಜನ ಮುಖ. ನೈಸ್ ಕಲ್ಲು, ಅದರಲ್ಲಿ ಪಟ್ಟೆಗಳಿರುತ್ತವೆ. ಶಿಲ್ಪಿ ಆ ಪಟ್ಟೆ ಸಿಂಹದ ಮೈಯ ತಿರುವಿಗೆ ಸರಿಯಾಗಿ ಹರಿಯುವ ಹಾಗೆ ಕಲ್ಲನ್ನು ತಿರುಗಿಸಿ ಇಟ್ಟುಕೊಂಡಿದ್ದಾನೆ. ಕಲ್ಲು ಮುಟ್ಟಿದವರಿಗೆ ಮಾತ್ರ ಗೊತ್ತಾಗುವ ಸಂಗತಿ ಇದು. ಆ ಮನುಷ್ಯನ ಹೆಸರು ಎಲ್ಲೂ ಉಳಿದಿಲ್ಲ ಅನ್ನುವುದು ನನಗೆ ಬೇಸರ. ಅವರ ಭಾಷೆಯಲ್ಲಿ ಶಿಲ್ಪಿಗೆ ಇದ್ದ ಒಂದು ಹೆಸರಿನ ಅರ್ಥ "ಜೀವ ಕೊಡುವವನು" ಅಂತ.

ಮಳೆಬಿಲ್ಲು_ಅಮ್ಮ:

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಉಳಿಸದ್ದು ಅವರೇ, ನಿಮ್ಮದನ್ನು ಮಗಳಿಗೆ ಓದಿ ಹೇಳಿದೆ, "ಕಲ್ಲು ವಾಪಸ್ ಬರಲ್ಲ" ಅನ್ನುವುದನ್ನು ಹಿಡಿದುಕೊಂಡು ಇಡೀ ಸಂಜೆ ಅದನ್ನೇ ಹೇಳುತ್ತಿದ್ದಳು.

ಒಂದು ಗೊಂದಲ ಉಳಿದಿದೆ. ಮುಖ ನಿಜವಾದ ಮುಖ ಅಲ್ಲ, ಮೈ ಲೆಕ್ಕದ್ದು. ಹಾಗಾದರೆ ಇದು ಇಂಥ ರಾಜನೇ ಅಂತ ಆಗಿನ ಜನಕ್ಕೆ ಗೊತ್ತಾಗುತ್ತಿದ್ದದ್ದು ಹೇಗೆ? ಹ್ಯಾಟ್‌ಶೆಪ್ಸುಟ್ ಅನ್ನುವ ಈಜಿಪ್ಟಿನ ರಾಜ ಹೆಂಗಸು, ಅವಳ ಪ್ರತಿಮೆಗೆ ಗಡ್ಡ ಇದೆ ಅಂತ ಎಲ್ಲೋ ಓದಿದೆ. ಅದೂ ಹೀಗೇನಾ?

ಪಟ್ಟದ_ಹೆಸರು:

ಹೆಸರಿನಿಂದ! ನಾನು ಈ ಒಂದು ಮಾತು ಹೇಳಲೆಂದೇ ಕಾದಿದ್ದೆ.

ನೀವು ನೋಡಿದ ಪ್ರತಿಮೆಗಳ ಸೊಂಟಪಟ್ಟಿಯ ನಡುವೆ ಉದ್ದುದ್ದ ಉಂಗುರದಂಥ ಗೆರೆಯೊಳಗೆ ಚಿತ್ರಲಿಪಿ ಇದೆ, ಅದು ರಾಜನ ಹೆಸರು. ಕಾರ್ತೂಷ್ ಅನ್ನುತ್ತಾರೆ. ಈಜಿಪ್ಟಿನವರಿಗೆ ಪ್ರತಿಮೆ ಯಾರದು ಅನ್ನುವುದನ್ನು ತೀರ್ಮಾನಿಸುತ್ತಿದ್ದದ್ದು ಆ ಹೆಸರು. ಅದಕ್ಕೇ ಹಳೆಯ ರಾಜನ ಹೆಸರು ಅಳಿಸಿ ತನ್ನದು ಬರೆಸಿದರೆ ಪ್ರತಿಮೆ ತನ್ನದಾಗುತ್ತಿತ್ತು. ಮೂರನೇ ಸೆನುಸ್ರೆಟ್‌ನ ಮಗ ಮೂರನೇ ಅಮೆನೆಮ್‌ಹಾತ್ ಕೆಲವು ಸ್ಫಿಂಕ್ಸ್, ಅಂದರೆ ಸಿಂಹದ ಮೈಗೆ ರಾಜನ ಮುಖ ಇರುವ ಪ್ರತಿಮೆ, ಮಾಡಿಸಿದ್ದ. ತಲೆವಸ್ತ್ರದ ಬದಲು ಮುಖದ ಸುತ್ತ ಸಿಂಹದ ದಪ್ಪ ಕೇಸರ, ನಡುವೆ ಅಪ್ಪನದೇ ಥರದ ಬಿಗಿದ ಮುಖ. ಆಮೇಲೆ ಅವುಗಳ ಮೇಲೆ ಹೊರಗಿನಿಂದ ಬಂದು ಆಳಿದ ಹಿಕ್ಸೋಸರ ದೊರೆ ತನ್ನ ಹೆಸರು ಬರೆಸಿದ, ಎರಡನೇ ರಾಮೆಸಿಸ್ ಬರೆಸಿದ, ಅವನ ಮಗ ಮೆರ್ನೆಪ್ತಾ ಬರೆಸಿದ, ಕೊನೆಗೆ ಮೊದಲನೇ ಸುಸೆನ್ನೆಸ್ ಅನ್ನುವ ರಾಜ ಟಾನಿಸ್ ಅನ್ನುವ ಊರಿಗೆ ಸಾಗಿಸಿ ತನ್ನದೂ ಸೇರಿಸಿದ. 19ನೇ ಶತಮಾನದಲ್ಲಿ ಅವನ್ನು ಅಗೆದು ತೆಗೆದ ಮರಿಯೆತ್, ಇಷ್ಟು ಒರಟು ಮುಖ ಈಜಿಪ್ಟಿನವರದಲ್ಲ, ಹೊರಗಿನಿಂದ ಬಂದ ಹಿಕ್ಸೋಸರದೇ ಅಂದುಕೊಂಡ. 1893ರಲ್ಲಿ ರಷ್ಯದ ಗೊಲೆನಿಶ್ಚೆಫ್ ಬೇರೆ ಪ್ರತಿಮೆಗಳ ಮುಖದ ಜೊತೆ ಹೋಲಿಸಿ ಇದು ಅಮೆನೆಮ್‌ಹಾತ್ ಅಂತ ತೋರಿಸಿದ.

ಅಂದರೆ ನೋಡಿ, ಅಷ್ಟು ಹೆಸರು ಹೊತ್ತರೂ ಮುಖ ಯಾರದು ಅಂತ ಹೇಳಿತು. ಹಾಗಾಗಿ ನೈಲ್_ದಂಡೆ ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸೆನುಸ್ರೆಟ್‌ನ ತಲೆ ಒಂದು ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿದೆ, ಹಳದಿ ಕ್ವಾರ್ಟ್ಸೈಟ್ ಕಲ್ಲಿನದು, ಕತ್ತಿನ ಕೆಳಗೆ ಏನೂ ಇಲ್ಲ. ಲಂಡನ್ನಿನ ಮೂರನ್ನು ಕಂಡವರು ಅದನ್ನು ನೋಡಿದ ಕೂಡಲೇ ಇವನೇ ಅನ್ನುತ್ತಾರೆ. ಇವನ ಮುತ್ತಜ್ಜ ಮೊದಲನೇ ಸೆನುಸ್ರೆಟ್‌ನ 10 ಸುಣ್ಣಕಲ್ಲಿನ ಪ್ರತಿಮೆಗಳು ಲಿಷ್ಟ್‌ನಲ್ಲಿ ಸಿಕ್ಕಿವೆ. ಹತ್ತೂ ನಯವಾಗಿ, ಚೆಂದವಾಗಿ, ಒಂದೇ ಅಚ್ಚಿನಲ್ಲಿ ತೆಗೆದ ಹಾಗಿವೆ. ಮೊಮ್ಮಗನ ಮಗನಿಗೆ ಬರುವಷ್ಟರಲ್ಲಿ ಎಲುಬಿನ ಆಕಾರ, ಮೂಗು, ಕಣ್ಣಿನ ಗುಳಿ ಎಲ್ಲ ಒಬ್ಬ ಮನುಷ್ಯನದು ಅನಿಸುತ್ತದೆ. ಸಂದೇಶ ಹೌದು, ಆದರೆ ಆ ಸಂದೇಶವನ್ನು ಒಬ್ಬ ನಿಜವಾದ ಮನುಷ್ಯನ ಮುಖದ ಮೇಲೇ ಬರೆದದ್ದು.

ಹ್ಯಾಟ್‌ಶೆಪ್ಸುಟ್ ಬಗ್ಗೆ. ಹೌದು, ಗಡ್ಡ ಇದೆ. ಅದು ಬೆಳೆದ ಗಡ್ಡ ಅಲ್ಲ, ಕಟ್ಟಿಕೊಳ್ಳುವ ಗಡ್ಡ, ಕಿರೀಟದ ಹಾಗೆ ಪಟ್ಟದ ಗುರುತು. ಗಂಡು ರಾಜರೂ ಅದನ್ನು ಕಟ್ಟಿಕೊಳ್ಳುತ್ತಿದ್ದರು. ಅವಳು ಪಟ್ಟಕ್ಕೆ ಬಂದದ್ದು ಕ್ರಿ.ಪೂ. 1479ರ ಸುಮಾರಿಗೆ. ಕೆಲವು ಪ್ರತಿಮೆಗಳಲ್ಲಿ ಮೈಕಟ್ಟು ಹೆಂಗಸಿನದು, ದೊಡ್ಡವುಗಳಲ್ಲಿ ಪೂರ್ತಿ ಗಂಡಿನದು, ಆದರೆ ಬರಹದಲ್ಲಿ ಬಹಳ ಕಡೆ "ಅವಳು" ಅಂತಲೇ ಇರುತ್ತದೆ. ಮುಖ ಮೇಲೆ ಅಗಲ, ಗಲ್ಲಕ್ಕೆ ಬರುತ್ತಾ ಚಿಕ್ಕದು, ಕಣ್ಣು ಸ್ವಲ್ಪ ಓರೆ. ಅವಳ ನಂತರ ಆಳಿದ ಮೂರನೇ ಥುಟ್ಮೋಸ್‌ನ ಮುಖವನ್ನೂ ಎಷ್ಟು ಅದೇ ಥರ ಕೆತ್ತಿದ್ದಾರೆ ಅಂದರೆ, ಹೆಸರಿಲ್ಲದ ತಲೆ ಸಿಕ್ಕಿದರೆ ಇಬ್ಬರಲ್ಲಿ ಯಾರು ಅಂತ ಹೇಳಲು ತಜ್ಞರೂ ತಡಕಾಡುತ್ತಾರೆ.

ಅವಳ ಪ್ರತಿಮೆಗಳನ್ನು ಒಡೆಸಿದ್ದೂ ಅದೇ ಥುಟ್ಮೋಸ್. ಡೈರ್ ಎಲ್ ಬಹರಿ ಅನ್ನುವ ಜಾಗದ ಅವಳ ಗುಡಿಯಿಂದ ಎಳೆದು ಹೊಂಡಕ್ಕೆ ಹಾಕಿಸಿದ. 1920ರ ದಶಕದಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನವರು ಅಗೆದು ಚೂರುಗಳನ್ನು ಜೋಡಿಸಿದರು. ಸಿಟ್ಟಿನಿಂದ ಪುಡಿಪುಡಿ ಮಾಡಿಸಿದ ಅಂತಲೇ ಎಲ್ಲ ಕಡೆ ಬರೆಯುತ್ತಿದ್ದರು. 2025ರಲ್ಲಿ ಬಂದ ಒಂದು ಅಧ್ಯಯನ ಹಳೆಯ ಅಗೆತದ ದಾಖಲೆಗಳನ್ನು ಮತ್ತೆ ಕೂತು ನೋಡಿ, ಬಹಳಷ್ಟು ಪ್ರತಿಮೆಗಳು ಕತ್ತು, ಸೊಂಟ, ಮೊಣಕಾಲಲ್ಲಿ ಮುರಿದಿವೆ, ಮುಖ ಹಾಗೇ ಉಳಿದಿರುವುದೂ ಇದೆ ಅಂತ ತೋರಿಸಿತು. ಬೇರೆ ರಾಜರ ಪ್ರತಿಮೆಗಳನ್ನೂ ಹಾಗೇ ಮುರಿಯುತ್ತಿದ್ದರು. ಪ್ರತಿಮೆಗೆ ಬಾಯಿ ತೆರೆಸುವ ವಿಧಿ ಮಾಡಿ ಉಸಿರು ಕೊಟ್ಟ ಮೇಲೆ ಅದು ಬರೀ ಕಲ್ಲಲ್ಲ. ಅದರ ಶಕ್ತಿ ತೆಗೆಯಬೇಕು ಅಂದರೆ ಮುರಿಯಲೇಬೇಕಿತ್ತು. ಭಗ್ನವಾದ ಮೂರ್ತಿಗೆ ಪೂಜೆ ಇಲ್ಲ ಅಂತ ಕೇಳಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ.

ಸುಣ್ಣದ_ಗೋಡೆ:

"ನಿಜವಾದ ಮುಖಾನಾ" ಅನ್ನುವ ಪ್ರಶ್ನೆಗೆ ಈಜಿಪ್ಟಿನ ರಾಣಿ ನೆಫರ್ಟಿಟಿಯನ್ನು ಬಿಟ್ಟರೆ ಹೇಗೆ? ಬರ್ಲಿನ್‌ನಲ್ಲಿರುವ ಆ ಬಣ್ಣದ ಪ್ರತಿಮೆ ಸಿಕ್ಕಿದ್ದು 1912ರ ಡಿಸೆಂಬರ್‌ನಲ್ಲಿ, ಅಮರ್ನಾದಲ್ಲಿ ಥುಟ್ಮೋಸ್ ಅನ್ನುವ ಶಿಲ್ಪಿಯ ಮನೆಯಲ್ಲಿ. ಅಗೆದವರು ಜರ್ಮನಿಯ ಬೋರ್ಖಾರ್ಟ್ ತಂಡ. ಒಳಗೆ ಸುಣ್ಣಕಲ್ಲು, ಮೇಲೆ ಗಾರೆಯ ಪದರ. ಅದನ್ನು ಸಿಟಿ ಸ್ಕ್ಯಾನ್ ಮಾಡಿ ನೋಡಿದವರು 2009ರಲ್ಲಿ ಬರೆದರು. ಒಳಗಿನ ಕಲ್ಲಿನಲ್ಲಿ ಇನ್ನೊಂದು ಮುಖ ಇದೆ! ಮೂಗಿನ ಮೇಲೆ ಸಣ್ಣ ಉಬ್ಬು, ಬಾಯಿ ಪಕ್ಕ ಗೆರೆ. ಮೇಲಿನ ಗಾರೆಯಲ್ಲಿ ಅದನ್ನೆಲ್ಲ ನಯ ಮಾಡಿದ್ದಾರೆ.

ಅದೇ ಮನೆಯಲ್ಲಿ ಗಾರೆಯ ಅಚ್ಚಿನ ಮುಖಗಳೂ ಸಿಕ್ಕಿವೆ, ಕಿರೀಟವಿಲ್ಲ, ಹೆಸರಿಲ್ಲ, ಕೆಲವಕ್ಕೆ ಹಣೆಯಲ್ಲಿ ಸುಕ್ಕು. ಎದುರಿಗೆ ಸಿಕ್ಕಿದರೆ ಮಾತಾಡಿಸಬಹುದು ಅನಿಸುವಷ್ಟು ಮನುಷ್ಯರ ಮುಖಗಳು. ಅವರಿಗೆ ಇದ್ದ ಹಾಗೆ ಮಾಡುವುದು ಚೆನ್ನಾಗಿಯೇ ಬರುತ್ತಿತ್ತು. ಎಷ್ಟನ್ನು ಹೊರಗೆ ಬಿಡಬೇಕು ಅನ್ನುವುದು ಅವರ ಆಯ್ಕೆ. ನೆಫರ್ಟಿಟಿಯ ಗೆರೆಯನ್ನು ಮುಚ್ಚಿದರು, ಸೆನುಸ್ರೆಟ್‌ನ ಗೆರೆಯನ್ನು ಗಟ್ಟಿ ಕಲ್ಲಿನಲ್ಲಿ ತೆರೆದಿಟ್ಟರು. ಅವಳ ಕಾಲಕ್ಕೂ ಇವನ ಕಾಲಕ್ಕೂ ಮಧ್ಯೆ 500 ವರ್ಷ ಕಳೆದಿತ್ತು ಅನ್ನುವುದನ್ನೂ ನೆನಪಿಡಬೇಕು.

ನಿಮ್ಮ ಹುಡುಗಿಗೆ ಒಂದು ಕಥೆ ಹೇಳಿ. ಗೀಝಾದ ದೊಡ್ಡ ಪಿರಮಿಡ್ ಕಟ್ಟಿಸಿದ ಖುಫುವಿನದು ಅಂತ ಹೆಸರು ಸಮೇತ ಪೂರ್ತಿ ಉಳಿದಿರುವುದು ಒಂದೇ ಪ್ರತಿಮೆ. ದಂತದ್ದು, 7.5 ಸೆಂಟಿಮೀಟರ್ ಎತ್ತರ, ಅವಳ ಅಂಗೈಯಲ್ಲಿ ಕೂರುತ್ತದೆ. 1903ರಲ್ಲಿ ಅಬೈಡೋಸ್‌ನಲ್ಲಿ ಅಗೆಯುತ್ತಿದ್ದ ಪೆಟ್ರಿ ಅನ್ನುವ ಪುರಾತತ್ವಜ್ಞನಿಗೆ ಸಿಕ್ಕಾಗ ತಲೆ ಇರಲಿಲ್ಲ, ಮುರಿದ ಜಾಗ ನೋಡಿದರೆ ಆಗಷ್ಟೇ ಮುರಿದದ್ದು. ಅಗೆದು ಹೊರಗೆ ಹಾಕಿದ ಮಣ್ಣನ್ನೆಲ್ಲ ಮತ್ತೆ ಜರಡಿ ಹಿಡಿಸಿದ. ಮೂರು ವಾರ ಆದ ಮೇಲೆ ತಲೆ ಸಿಕ್ಕಿತು.

ನೈಲ್_ದಂಡೆ:

ಪಟ್ಟದ_ಹೆಸರು ಅವರೇ, ಕ್ಯಾನ್ಸಸ್ ತಲೆಯ ಮಾತು ಒಪ್ಪಿದೆ. ಹೋಲಿಕೆ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸರಿನೋಡಲು ಅವನ ಮಮ್ಮಿ ಸಿಕ್ಕಿಲ್ಲ. ದಹಶೂರ್‌ನಲ್ಲಿ ಪಿರಮಿಡ್ ಇದೆ, ಅಬೈಡೋಸ್‌ನಲ್ಲಿ ಬೆಟ್ಟದ ಬುಡದಲ್ಲಿ ದೊಡ್ಡ ಸಮಾಧಿ ಇದೆ, ಎರಡರಲ್ಲೂ ದೇಹ ಇಲ್ಲ. ಎರಡನೇ ರಾಮೆಸಿಸ್‌ನದಾದರೆ ಸಿಕ್ಕಿದೆ. ಬಾಗಿದ ದೊಡ್ಡ ಮೂಗು, ಟುರಿನ್‌ನಲ್ಲಿರುವ ಅವನ ಕೂತ ಪ್ರತಿಮೆಯಲ್ಲೂ ಮೂಗು ಬಾಗಿದೆ. ಅವನು ಸತ್ತಾಗ 90ರ ಆಸುಪಾಸು. ಆದರೂ ಒಂದು ಪ್ರತಿಮೆಯಲ್ಲೂ ಮುದುಕನಾಗಲಿಲ್ಲ. ಅಲ್ಲಿ ಮೂಗು ಅವನದು, ವಯಸ್ಸು ಅವನದಲ್ಲ. ಸೆನುಸ್ರೆಟ್‌ನಲ್ಲೂ ಹೀಗೇ ಸ್ವಲ್ಪ ಅವನದು, ಸ್ವಲ್ಪ ಪಟ್ಟದ್ದು ಅಂದುಕೊಳ್ಳಲು ನನಗೆ ಅಡ್ಡಿಯಿಲ್ಲ.

ಹಳೇಪಾಯ:

ನನ್ನ ಅನಿಸಿಕೆ ಬದಲಾಯ್ತು ಅಂತ ಹೇಳಲೇಬೇಕು. ಅಧಿಕಾರಿಗಳಿಗೂ ಅದೇ ಮುಖ ಅನ್ನುವುದು ನನಗೆ ಗೊತ್ತಿರಲಿಲ್ಲ. ಇನ್ನು ಮುಂದೆ ಆ ಮುಖದಲ್ಲಿ ದುಃಖ ಹುಡುಕುವುದಿಲ್ಲ.

ಮಳೆಬಿಲ್ಲು_ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಶಾಲೆ ಬಿಟ್ಟ ಮೇಲೆ ಮತ್ತೆ ಹೋಗಿದ್ದೆವು, ಈ ಸಲ ಸೆನುಸ್ರೆಟ್ ಒಬ್ಬನನ್ನೇ ನೋಡಲು. ಸೊಂಟಪಟ್ಟಿಯ ಹೆಸರನ್ನು ಅವಳೇ ಹುಡುಕಿದಳು. ಬಗ್ಗಿ ಕೆಳಗಿನಿಂದ ನೋಡಿದರೆ ಕಣ್ಣು ಇನ್ನೂ ಕಿರಿದಾಗಿ ಕಾಣುತ್ತದೆ, ನೈಲ್_ದಂಡೆ ಅವರು ಅಳೆಯುವ ನೋಟ ಅಂದದ್ದು ನನಗೂ ಆಗ ತಟ್ಟಿತು. ಅವಳು ಮಾತ್ರ ಕೈ ನೋಡಿದಳು. ಮೂರರಲ್ಲೂ ಎರಡು ಅಂಗೈಗಳನ್ನು ಮುಂದಿನ ಬಟ್ಟೆಯ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ನಿಂತಿದ್ದಾನೆ. ರಾಮೆಸಿಸ್ ಥರ ಅಲ್ಲವೇ ಅಲ್ಲ. ಮೇಷ್ಟ್ರ ಎದುರು ನಿಂತ ಹಾಗಿದೆ ಅಂದಳು. ಇದಕ್ಕೆ ಏನಾದರೂ ಅರ್ಥ ಇದೆಯಾ?

ನೈಲ್_ದಂಡೆ:

ಇದೆ, ಮೊದಲೇ ಹೇಳಬೇಕಿತ್ತು. ಅದು ಪ್ರಾರ್ಥನೆಯ ನಿಲುವು. ರಾಜರ ಪ್ರತಿಮೆಗಳಲ್ಲಿ ಆ ನಿಲುವು ಕಾಣತೊಡಗುವುದು ಇವನ ಕಾಲದಿಂದಲೇ. ಈ ಪ್ರತಿಮೆಗಳು ಸಿಕ್ಕಿದ್ದು ಡೈರ್ ಎಲ್ ಬಹರಿಯಲ್ಲಿ, ಹ್ಯಾಟ್‌ಶೆಪ್ಸುಟ್ ಗುಡಿಯ ಪಕ್ಕದಲ್ಲೇ ಇರುವ ಎರಡನೇ ಮೆಂಟುಹೊಟೆಪ್‌ನ ಗುಡಿಯಲ್ಲಿ. ಒಟ್ಟು 6 ಇದ್ದವು, ಒಂದು ಕೈರೋದಲ್ಲಿದೆ. ಒಡೆದು ಹೋಗಿದ್ದ ಈಜಿಪ್ಟನ್ನು ಮತ್ತೆ ಒಂದು ಮಾಡಿದವನು ಆ ಮೆಂಟುಹೊಟೆಪ್, ಸೆನುಸ್ರೆಟ್‌ಗಿಂತ 150 ವರ್ಷಕ್ಕೂ ಹಿಂದಿನವನು, ಇವನ ವಂಶದವನೂ ಅಲ್ಲ. ಆ ಹಿರಿಯನ ಗುಡಿಯಲ್ಲಿ ಇವನು ತನ್ನ ಪ್ರತಿಮೆಗಳನ್ನು ಹೀಗೆ ಕೈಯಿಟ್ಟುಕೊಂಡು ಸಾಲಾಗಿ ನಿಲ್ಲಿಸಿದ. ನಿಮ್ಮ ಮಗಳು ಸರಿಯಾಗಿಯೇ ನೋಡಿದ್ದಾಳೆ ಅಂತ ಅವಳಿಗೆ ಹೇಳಿ.